ಸೋರದ ದೋಣಿ

“ಆ ಡಬ್ಬ ತೆಗೀರಿ ಅಂದೆ.”

ಹೇಳಿದ್ದು ಯಾರ ಕಿವಿಗೂ ಬೀಳದಂತಿದ್ದಾಗ ಅವಳೇ ಶವಪೆಟ್ಟಿಗೆಯೊಳಗೆ ಕೈ ಹಾಕಿ, ಗಂಡನ ಮೊಣಕೈ ಪಕ್ಕದಲ್ಲಿ ಯಾರೋ ತುರುಕಿದ್ದ ಪ್ಲಾಸ್ಟಿಕ್ ಡಬ್ಬವನ್ನು ಎಳೆದಳು. ಎಂಜಿನ್ ಎಣ್ಣೆಯ ಹಳೆಯ ಡಬ್ಬ. ತಳವನ್ನು ಓರೆಯಾಗಿ ಕತ್ತರಿಸಿ ನೀರು ಮೊಗೆಯಲು ಮಾಡಿಕೊಂಡದ್ದು. ಅದರ ಹಿಡಿ ಪೆಟ್ಟಿಗೆಯ ಅಂಚಿಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಳು. ಪೆಟ್ಟಿಗೆಯೇ ಅಲುಗಿತು.

“ಅತ್ತಿಗೆ, ಜನ ನೋಡ್ತಿದಾರೆ,” ಎಂದಳು ನಾದಿನಿ.

“ನೋಡ್ಲಿ. ಇಷ್ಟು ವರ್ಷ ನಾನು ನೋಡಿಲ್ವಾ?”

ಡಬ್ಬ ತಂದಿದ್ದವರು ದೋಣಿಕಟ್ಟೆಯ ಗೆಳೆಯರು. ರಜೆಯ ದಿನ ಕೆರೆಯ ಮೇಲೆ ಒಂದು ಸುತ್ತು ಹೊಡೆಯಲೆಂದು ಸಣ್ಣಪುಟ್ಟ ದೋಣಿ ಇಟ್ಟುಕೊಂಡವರು. ಅವರಲ್ಲಿ ಔಷಧಿ ಅಂಗಡಿಯವನೊಬ್ಬ ಮುಂದೆ ಬಂದು ಕೈ ಹೊಸಕಿಕೊಂಡ.

“ಬೇಜಾರು ಮಾಡ್ಕೋಬೇಡಿ ಅಮ್ಮ. ನಿಮ್ಮನೆಯವರು, ನಮ್ಮ ಟೈಂಕೀಪರು, ದಿನಾ ಬೆಳಿಗ್ಗೆ ಇದನ್ನ ಹಿಡ್ಕೊಂಡೇ ಬರ್ತಿದ್ರು. ಜೊತೇಲಿ ಹೋಗ್ಲಿ ಅಂತ…”

“ಹೋಗ್ತಿರೋದು ಬೆಂಕಿಗೆ. ಅಲ್ಲಿ ಏನು ಮೊಗೀತಾರೆ?”

ಯಾರೋ ನಕ್ಕು, ಅದನ್ನು ಕೆಮ್ಮಾಗಿ ತಿರುಗಿಸಿಕೊಂಡರು. ಅವಳು ಡಬ್ಬವನ್ನು ಬಾಗಿಲಾಚೆಯ ಕಸದ ಬುಟ್ಟಿಗೆ ಎಸೆದು ಬಂದಳು.

ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಆರಡಿ ಮನುಷ್ಯನ ಪೆಟ್ಟಿಗೆ ಹಿಡಿಸುವಂಥದ್ದು ಮನೆಯಲ್ಲಿ ಬೇರೇನೂ ಇಲ್ಲದ್ದರಿಂದ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅದನ್ನು ಇಟ್ಟಿದ್ದರು. ಅಂಚಿನಲ್ಲಿ ಇನ್ನೂ ಸೀಮೆಸುಣ್ಣದ ಗೆರೆಗಳಿದ್ದವು. ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಅಂಗಿಗಳು, ಒಂದು ತೋಳಿಲ್ಲದ ಕೋಟು ತೂಗಾಡುತ್ತಿದ್ದವು. ಬೆಳಿಗ್ಗೆ ಗಿರಾಕಿಯೊಬ್ಬಳು ಬಂದು, ಪೆಟ್ಟಿಗೆ ನೋಡಿ ಕಣ್ಣೊರೆಸಿಕೊಂಡು, ಹೋಗುವಾಗ ದನಿ ತಗ್ಗಿಸಿ, “ನನ್ನದು ಬರೀ ಅಂಚು ಮಡಚೋದು ಬಾಕಿ ಇತ್ತಲ್ವಾ?” ಎಂದು ಕೇಳಿ ಹೋಗಿದ್ದಳು.

ಮಗ ಫೋನು ಹಿಡಿದುಕೊಂಡೇ ಒಳಗೆ ಬಂದ.

“ಅಮ್ಮ, ಚಿತಾಗಾರದಲ್ಲಿ ಒಂದು ಮಶೀನು ಕೆಟ್ಟಿದೆಯಂತೆ. ಮುಂಚೆ ಬಂದೋರದೇ ಆಗಿಲ್ಲ. ವ್ಯಾನು ಮಧ್ಯಾಹ್ನದ ಮೇಲೆ ಬರತ್ತಂತೆ.”

“ಜೀವಮಾನ ಎಲ್ಲ ಬಸ್ ಡಿಪೋದಲ್ಲಿ ಕೂತು ಕಂಡೋರ ಬಸ್ಸು ಟೈಮಿಗೆ ಬಿಡಿಸಿದ್ರು. ತಾವು ಹೋಗೋ ದಿನ ಗಾಡೀನೇ ಇಲ್ಲ.” ಅವಳು ಹೊಲಿಗೆ ಮಶೀನಿನ ಮುಂದಿನ ಸ್ಟೂಲಿನ ಮೇಲೆ ಕುಕ್ಕರಿಸಿದಳು. “ಆ ದೋಣಿ ಕಡೆಗೆ ಮಾತ್ರ ಒಂದಿನ ಲೇಟಾಗಿ ಹೋಗಿಲ್ಲ.”

“ಪಾಪ, ಏನೇ ಅನ್ನಿ, ಮುಳುಗೋಕೆ ಬಿಡ್ಲಿಲ್ಲ ಅದನ್ನ,” ಎಂದ ಔಷಧಿ ಅಂಗಡಿಯವನು. “ಮಳೆ ಬಂದ ಮಾರನೇ ದಿನ ಕಟ್ಟೇಲಿ ಯಾರದ್ದಾದ್ರೂ ಒಂದು ದೋಣಿ ಕೆಳಗೆ ಹೋಗಿರೋದು. ಒಬ್ಬ ತಳದ ಬಿರಡೆ ಹಾಕಿರಲ್ಲ, ಇನ್ನೊಬ್ಬನ ಪಂಪಿನ ಬ್ಯಾಟರಿ ಸತ್ತಿರತ್ತೆ. ಟೈಂಕೀಪರ ದೋಣಿ ಒಂದ್ಸಲನೂ ಹೋಗ್ಲಿಲ್ಲ. ಅಂಥಾ ತೂತು ದೋಣಿ!”

“ತೂತಲ್ಲ ಅದು,” ಎಂದಳು ಅವಳು. “ನನ್ನ ಸವತಿ.”

*

ದೋಣಿ ಕೊಂಡಾಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಯಾರೋ ಬಳಸಿ ಬಿಟ್ಟದ್ದು, ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ. ಮೊದಲ ಬೇಸಿಗೆಯಲ್ಲಿ ಮೂವರೂ ಕೂತು ಕೆರೆಯ ನಡುವಿನವರೆಗೆ ಹೋಗಿ ಬಂದಿದ್ದರು. ಹಿಂದಿರುಗುವಾಗ ಅವಳು ಬಿಸಿಲಿಗೆ ಬೈದಳು, ಗಟ್ಟಿ ಹಲಗೆಗೆ ಬೈದಳು, ತನ್ನನ್ನು ಇಂಥದರಲ್ಲಿ ಕೂರಿಸಿದ ಗಂಡನಿಗೂ ಬೈದಳು. ಆದರೆ ಆ ದಿನ ಅವಳಿಗೆ ಖುಷಿಯಾಗಿತ್ತು. ಅದನ್ನು ಹೇಳುವ ರೀತಿ ಅವಳಿಗೆ ಬೇರೆ ಗೊತ್ತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಅವನು ಒದ್ದೆ ಚಪ್ಪಲಿಯಲ್ಲಿ ಬಂದು, “ದೋಣಿ ಸೋರ್ತಿದೆ,” ಎಂದ. ಮಾರನೆಯ ದಿನದಿಂದ ಅವಳು ಏಳುವ ಹೊತ್ತಿಗೆ ಅವನು ಹೊರಡಲು ಸಿದ್ಧನಾಗಿರುತ್ತಿದ್ದ. ಒಂದು ದಿನ ತಪ್ಪಿದರೂ ನೀರು ಹೆಚ್ಚಿ, ಹಿಂಭಾಗ ಭಾರವಾಗಿ, ಅಲೆಯೊಂದು ಅಂಚು ದಾಟಿತೆಂದರೆ ಮುಗಿಯಿತು ಎಂದು ಮಗನಿಗೆ ವಿವರಿಸಿದ್ದನ್ನು ಅವಳು ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು. ಅವನು ಇಷ್ಟುದ್ದ ಮಾತಾಡಿದ್ದೇ ಅಪರೂಪ.

ರಿಪೇರಿ ಮಾಡಿಸಿ ಎಂದಳು. “ನೋಡೋಣ,” ಎಂದ. ಮಾರಿಬಿಡಿ ಎಂದಳು. “ನೋಡೋಣ.” ಆ ಮನುಷ್ಯನ ಬಾಯಲ್ಲಿದ್ದದ್ದು ಅದೊಂದು ಮಾತು, ಬೇಕಾದ ಕಡೆಗೆಲ್ಲ ಅದನ್ನೇ ತೇಪೆ ಹಾಕುತ್ತಿದ್ದ. ಮನೆಯಲ್ಲಿ ಮಾತಿನ ಕೆಲಸ ಪೂರ್ತಿ ಅವಳ ಪಾಲಿಗೆ ಬಂತು. ಕೇಳುವವಳೂ ಅವಳೇ, ಉತ್ತರವಿಲ್ಲದೆ ಉರಿದೇಳುವವಳೂ ಅವಳೇ. ಅವನು ಹೊಸ್ತಿಲ ಬಳಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುವಾಗ ಹಿಂದಿನ ದಿನದ್ದೆಲ್ಲ ಅವಳ ಬಾಯಿಗೆ ಬರುತ್ತಿತ್ತು. ಪಟ್ಟಿ ಬಿಗಿದಾದ ಮೇಲೂ ಅವನು ಹೊರಡುತ್ತಿರಲಿಲ್ಲ. ತಲೆ ಸ್ವಲ್ಪ ವಾರೆ ಮಾಡಿ, ಅವಳ ಮಾತು ಮುಗಿಯುವವರೆಗೆ ನಿಂತು, ಆಮೇಲೆ ಬಾಗಿಲೆಳೆದುಕೊಂಡು ಹೋಗುತ್ತಿದ್ದ. ಅವನು ಅವಳಿಗೆ ಕೊಟ್ಟ ಮರ್ಯಾದೆ ಅದೊಂದೇ ಎಂದು ಅವಳು ತಿಳಿದಿದ್ದಳು. ಬಾಗಿಲು ಮುಚ್ಚಿದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದ ಮೌನ ಅವನು ಇದ್ದಾಗಿನದಕ್ಕಿಂತ ಬೇರೆ ಏನೂ ಆಗಿರುತ್ತಿರಲಿಲ್ಲ. ಅದೇ ಅವಳನ್ನು ಹೆಚ್ಚು ರೇಗಿಸುತ್ತಿತ್ತು.

ಮೊನ್ನೆ ಸಂಜೆ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಅವಳು ಏನೋ ಕೇಳಿದ್ದಳು. ಉತ್ತರ ಬರಲಿಲ್ಲ. ಎಂದಿನಂತೆಯೇ ಇತ್ತಾದ್ದರಿಂದ ಅವಳು ತುಂಬ ಹೊತ್ತು ಬೈಯುತ್ತಲೇ ಇದ್ದಳು.

*

ಮಧ್ಯಾಹ್ನದ ಹೊತ್ತಿಗೆ ದೋಣಿ ರಿಪೇರಿಯ ಮೇಸ್ತ್ರಿ ಬಂದ. ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತು, ಆಮೇಲೆ ಮಗನನ್ನು ಕಿಟಕಿಯ ಬಳಿ ಕರೆದು ಪಿಸುಗುಟ್ಟತೊಡಗಿದ.

“ಏನದು?” ಎಂದಳು ಅವಳು. “ಇದು ನನ್ನ ಅಂಗಡಿ. ಗುಸುಗುಸು ಬೇಡ.”

“ಏನಿಲ್ಲ ಅಮ್ಮ. ಕಟ್ಟೆ ಕಾವಲುಗಾರ ಫೋನ್ ಮಾಡಿದ್ದ. ಟೈಂಕೀಪರ ಜಾಗದಲ್ಲಿ ದೋಣಿ ಮುಳುಗ್ತಿದೆ, ಹಿಂದಿನ ಅಂಚು ನೀರಿಗೆ ಬಂದಿದೆ ಅಂದ. ನಾನು ಹೋಗಿ ನೋಡ್ಲಾ ಅಂತ…”

“ಮುಳುಗಲಿ ಬಿಡಿ,” ಎಂದ ಮಗ. ಅವನ ಕಣ್ಣುಗಳು ಕೆಂಪಗಿದ್ದವು. “ಇವತ್ತು ಅದೊಂದು ಬಾಕಿ ಇತ್ತು.”

“ಮುಳುಗದೆ ಏನು ಮಾಡತ್ತೆ? ಎರಡು ದಿನ ಆಯ್ತು ನೀರು ತೆಗೆದು. ತೂತು ಬಿದ್ದ ದೋಣಿ ತೇಲತ್ತಾ?”

ಮೇಸ್ತ್ರಿ ಅವಳನ್ನೇ ನೋಡಿದ. “ಯಾವ ತೂತು?”

“ಯಾವುದು ಅಂದ್ರೆ? ನಮ್ಮನೆಯವರು ದಿನಾ ಬೆಳಿಗ್ಗೆ ಎದ್ದು ಬರ್ತಿದ್ದಿದ್ದು ಯಾಕೆ, ನಿಮ್ಮ ಮುಖ ನೋಡೋಕಾ?”

“ಟೈಂಕೀಪರ ದೋಣೀಲಿ ತೂತಿಲ್ಲ ಅಮ್ಮ. ನಾನೇ ಮೇಲೆ ಎತ್ತಿಸಿ ತಳ ಎಲ್ಲ ಬಡಿದು ನೋಡಿದೀನಿ. ಗಟ್ಟಿ ಮಾಲು. ಬಿರಡೆನೂ ಬಿಗಿ ಇದೆ. ಒಳಗೆ ಬರ್ತಿದ್ದಿದ್ದು ಪಕ್ಕದ ದೋಣಿ ನೀರು.”

ಕೋಣೆಯಲ್ಲಿ ಕುರ್ಚಿಗಳ ಸದ್ದು ನಿಂತಿತು. ಮೇಸ್ತ್ರಿಗೆ ತಾನು ಹೇಳಬಾರದ್ದನ್ನು ಹೇಳಿದೆನೇನೋ ಎನಿಸಿತು. ಆದರೆ ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. “ಪಕ್ಕದಲ್ಲಿ ಹಲ್ಲಿನ ಡಾಕ್ಟರದು ಎಂಜಿನ್ ದೋಣಿ ಇದೆಯಲ್ಲ, ಅದರ ಫ್ಯಾನು ತಿರುಗೋ ದಂಡ ಹೊರಗೆ ಹೋಗೋ ಕಡೆ ಸ್ವಲ್ಪ ಜಿನುಗತ್ತೆ. ಅದು ಎಲ್ಲಾದರಲ್ಲೂ ಇರೋದೇ. ನೀರು ಒಂದು ಮಟ್ಟಕ್ಕೆ ಬಂದ್ರೆ ಒಳಗಿನ ಪಂಪು ತಾನೇ ಶುರುವಾಗಿ ಹೊರಗೆ ಉಗುಳತ್ತೆ. ಉಗುಳೋ ಬಾಯಿ ಇವರ ದೋಣಿ ಕಡೆಗಿದೆ. ಸೀದಾ ಒಳಗೆ ಬೀಳತ್ತೆ.”

“ಹಾಗಾದ್ರೆ…”

“ಒಂದು ಬಾಗಿದ ಪೈಪು ಹಾಕಿದ್ರೆ ಮುಗೀತು. ಡಾಕ್ಟರ ಕೈಗೆ ಪೈಪೂ ಕೊಟ್ಟಿದ್ದೆ. ಅವರು, ‘ಟೈಂಕೀಪರು ದೋಣಿ ಸರಿಸ್ಲಿ’ ಅಂತಾರೆ. ಇವರಿಗೆ ಒಂದು ಮಾರು ಆಚೆ ಕಟ್ಟಿ ಅಂದ್ರೆ, ‘ಡಾಕ್ಟರು ಪೈಪ್ ತಿರುಗಿಸ್ಲಿ’ ಅಂತಾರೆ. ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟೆ.”

“ಯಾವಾಗ ಹೇಳಿದ್ರಿ ಇವರಿಗೆ?”

“ಆಗಲೇ. ನಿಮ್ಮ ಮಗ ಇಷ್ಟುದ್ದ ಇದ್ದ.” ಮೇಸ್ತ್ರಿ ಬಟ್ಟೆ ಕತ್ತರಿಸುವ ಮೇಜಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದ.

ಅವಳು ಎದ್ದು ಪೆಟ್ಟಿಗೆಯ ಬಳಿ ಹೋದಳು. ಗಂಡನ ಮುಖದಲ್ಲಿ ಈಗಲೂ ಅದೇ, ಯಾರೋ ಏನೋ ಹೇಳಿ ಮುಗಿಸಲಿ ಎಂದು ಕಾಯುವ ಭಾವ. ತೂತಿದ್ದಿದ್ದರೆ ಅವನು ಹೋಗಲೇಬೇಕಿತ್ತು. ಅದನ್ನು ಅವಳು ಬೈದುಕೊಂಡಾದರೂ ಒಪ್ಪಿದ್ದಳು. ತೂತಿಲ್ಲ. ಅದು ಗೊತ್ತಿದ್ದೂ ದಿನವೂ ಹೋದ.

“ನನ್ನಿಂದ ತಪ್ಪಿಸ್ಕೊಳ್ಳೋಕೆ ಅಂತ ಹೇಳಿದ್ರೆ ಆಗ್ತಿತ್ತಲ್ಲ,” ಎಂದಳು ಮೆಲ್ಲಗೆ. “ಬೆಳಗಿನ ಹೊತ್ತು ನಾನೇ ಎಲ್ಲಾದ್ರೂ ಹೋಗ್ತಿದ್ದೆ.”

ಮಗ ಅವಳ ಭುಜ ಹಿಡಿದ. ಅವಳು ಕೊಡವಿಕೊಂಡು ಚಪ್ಪಲಿ ಹುಡುಕತೊಡಗಿದಳು.

“ಎಲ್ಲಿಗೆ?” ನಾದಿನಿಯ ದನಿ ಏರಿತು. “ಅತ್ತಿಗೆ, ಹೆಣ ಮನೇಲಿ ಇಟ್ಕೊಂಡು ಎಲ್ಲಿಗೆ ಹೊರಟ್ರಿ?”

“ಕಟ್ಟೆಗೆ. ಅಲ್ಲಿ ಏನಿತ್ತು ಅಂತ ನೋಡ್ಬೇಕು. ನೋಡದೆ ಇವರನ್ನ ಕಳಿಸಲ್ಲ.”

“ವ್ಯಾನು ಬಂದ್ರೆ ಅಮ್ಮ?”

“ಕಾಯಲಿ. ಬೆಳಿಗ್ಗೆಯಿಂದ ನಾವು ಕಾದಿಲ್ವಾ?”

*

ಕಟ್ಟೆ ಹತ್ತಿರವೇ. ಎರಡು ಬೀದಿ ದಾಟಿ, ಇಳಿಜಾರು ಇಳಿದರೆ ಸಿಗುತ್ತದೆ. ಇಷ್ಟು ಹತ್ತಿರವಿದ್ದದ್ದಕ್ಕೂ ಅವಳಿಗೆ ಸಿಟ್ಟು ಬಂತು. ನೀರಿನ ಮೇಲೆ ಚಾಚಿದ ಹಲಗೆಯ ದಾರಿ, ಇಕ್ಕೆಲಗಳಲ್ಲೂ ಗೂಟಗಳಿಗೆ ಕಟ್ಟಿದ ದೋಣಿಗಳು. ನಿನ್ನೆಯ ಮಳೆಗೆ ಹಲಗೆ ಜಾರುತ್ತಿತ್ತು. ಮೇಸ್ತ್ರಿ ಮುಂದೆ ನಡೆದವನು ತಟ್ಟನೆ ನಿಂತುಬಿಟ್ಟ.

ಗಂಡನ ಪುಟ್ಟ ದೋಣಿ ನೀರಿನ ಮೇಲೆ ಹಗುರಾಗಿ ತೇಲುತ್ತಿತ್ತು. ತಳದಲ್ಲಿ ಮಳೆನೀರು ಒಂದಿಷ್ಟು, ಅಷ್ಟೆ. ಮುಳುಗುತ್ತಿದ್ದದ್ದು ಪಕ್ಕದ ಬಿಳಿಯ ದೋಣಿ. ಅದರ ಹಿಂಭಾಗ ಕೆರೆಗೆ ಕುಸಿದು ಮೂತಿ ಮೇಲೆದ್ದಿತ್ತು. ಅದರೊಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕನೊಬ್ಬ ಪ್ಯಾಂಟು ಮೊಣಕಾಲಿಗೆ ಮಡಚಿ ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಹಾಕುತ್ತಿದ್ದ. ಎತ್ತಿದ ಅರ್ಧ ನೀರು ಮತ್ತೆ ಅವನ ಕಾಲ ಬಳಿಯೇ ಚೆಲ್ಲುತ್ತಿತ್ತು.

“ಡಾಕ್ಟ್ರೇ! ಪಂಪಿಗೇನಾಯ್ತು?”

“ಏನೂ ಆಗಿಲ್ಲ. ಆಫ್ ಮಾಡಿದೀನಿ.”

“ಆಫ್? ತಲೆ ಕೆಟ್ಟಿದೆಯಾ? ಮಳೆ ಬೇರೆ ಬಂದಿದೆ!”

ಡಾಕ್ಟರು ಬಕೆಟ್ಟು ಇಳಿಸಿದರು. ಮೇಸ್ತ್ರಿಯ ಹಿಂದೆ ನಿಂತವಳನ್ನು ನೋಡಿ, ಯಾರೆಂದು ಊಹಿಸಿ, ಮಡಚಿದ ಪ್ಯಾಂಟನ್ನು ಇಳಿಸಿಕೊಳ್ಳಲು ನೋಡಿದರು. ಅದು ಒದ್ದೆಯಾಗಿ ಅಂಟಿಕೊಂಡಿತ್ತು.

“ಅವರ ದೋಣಿಗೆ ಬೀಳತ್ತಲ್ಲ,” ಎಂದರು. “ಮೊಗೆಯೋರು ಯಾರಿದಾರೆ ಈಗ?”

ಅವಳಿಗೆ ಬಂದದ್ದು ಅಳುವಲ್ಲ. “ಅಲ್ರೀ, ಅವರು ಬದುಕಿರೋ ತನಕ ಸುರಿದು, ಈಗ ನಿಲ್ಲಿಸಿದ್ರಾ? ಬುದ್ಧಿ ಬರೋಕೆ ಒಬ್ಬರು ಸಾಯಬೇಕಿತ್ತಾ? ಬಂದ ಬುದ್ಧಿನಾದ್ರೂ ನೆಟ್ಟಗಿದೆಯಾ? ಅವರ ದೋಣಿ ಉಳಿಸೋಕೆ ಹೋಗಿ ನಿಮ್ಮದನ್ನ ಮುಳುಗಿಸ್ಕೊಂಡು ನಿಂತಿದೀರ! ಇದನ್ನ ಯಾವ ಅಳತೆಗೆ ಕತ್ತರಿಸಿದ ತಲೆ ಅನ್ಬೇಕು?”

ಡಾಕ್ಟರ ಮುಖದ ಮೇಲೆ ನಗುವಿನಂಥದ್ದೇನೋ ಬಂದು, ಹೆದರಿ ಹೋಯಿತು.

“ಹೀಗೇ… ಥೇಟ್ ಹೀಗೇ ಬೈತಿದ್ರು.”

“ಯಾರು?”

“ಟೈಂಕೀಪರು.”

“ನಮ್ಮನೆಯವರಾ? ಬೈತಿದ್ರಾ?” ಅವಳು ಮೇಸ್ತ್ರಿಯ ಕಡೆ ತಿರುಗಿದಳು. “ಇವರು ಬೇರೆ ಯಾರ ವಿಷಯಾನೋ ಹೇಳ್ತಿದಾರೆ. ನಮ್ಮನೆಯವರಿಗೆ ಮಾತೇ ಬರ್ತಿರ್ಲಿಲ್ಲ.”

“ಬರ್ತಿರ್ಲಿಲ್ವಾ!” ಎಂದ ಮೇಸ್ತ್ರಿ. “ಬೆಳಿಗ್ಗೆ ಇವರಿಬ್ಬರ ಗಲಾಟೆಗೆ ಇಲ್ಲಿ ಹಕ್ಕಿ ಕೂರ್ತಿರ್ಲಿಲ್ಲ ಅಮ್ಮ.”

“ಸುಳ್ಳು.”

“ಸುಳ್ಳು ಯಾಕೆ ಹೇಳ್ಲಿ?” ಡಾಕ್ಟರಿಗೆ ರೇಗಿತು, ಹಳೆಯ ಅಭ್ಯಾಸವಿದ್ದಂತೆ ಕಂಡಿತು. “ಕೇಳಿ ಬೇಕಾದ್ರೆ. ಒಂದಿನ ಅಂದ್ರು, ‘ನಿಮ್ಮನ್ನ ತಿರುವಿ ನೋಡಿದ್ರೂ ಒಳಮಗ್ಗುಲು ಯಾವುದು ಹೊರಮಗ್ಗುಲು ಯಾವುದು ಗೊತ್ತಾಗಲ್ಲ, ಎಲ್ಲಿ ಹಿಡಿದ್ರೂ ಬರೀ ನೂಲೇ ಜೋತಾಡತ್ತೆ’ ಅಂತ. ಹಲ್ಲಿನ ಡಾಕ್ಟರಿಗೆ ಅನ್ನೋ ಮಾತಾ ಇದು?”

ಅವಳು ಪಕ್ಕದ ಗೂಟ ಹಿಡಿದುಕೊಂಡಳು. ಮಗನ ಮದುವೆ ಗೊತ್ತಾದಾಗಿನದು ಅದು. ಗಂಡ ಬೀಗರ ಮುಂದೆ ಗೊಂಬೆಯ ಹಾಗೆ ಕೂತು ಎದ್ದು ಬಂದಿದ್ದ. ಮಾರನೆಯ ಬೆಳಿಗ್ಗೆ ಅವನು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಅಂದ ಮಾತು. ಒಂದಕ್ಷರ ಆಚೀಚೆ ಇರಲಿಲ್ಲ.

“ಇನ್ನೊಂದ್ಸಲ, ‘ನಾನು ಕಾಜ ಮಾಡ್ಕೊಂಡು ಕೂತಿದೀನಿ, ನಿಮ್ಮ ಕಡೆಯಿಂದ ಗುಂಡಿ ಮಾತ್ರ ಈ ಜನ್ಮದಲ್ಲಿ ಬರಲ್ಲ’ ಅಂದ್ರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಯಾವ ಗುಂಡಿ? ಎಲ್ಲಿಯ ಕಾಜ?”

ಅದು ಇನ್ನೂ ಹಿಂದಿನದು. ಅವಳ ತಾಯಿ ತೀರಿಕೊಂಡ ವರ್ಷ. ಅವನು ಅವಳ ಪಕ್ಕದಲ್ಲಿ ಕೂತಿದ್ದ, ಏನೂ ಹೇಳಿರಲಿಲ್ಲ.

“ನನ್ನ ಮಾತು ಅದು,” ಎಂದಳು ಅವಳು. ಗೂಟ ಬಿಟ್ಟು ಮುಂದೆ ಬಂದಳು. “ನನಗೆ ಒಂದು ಉತ್ತರ ಕೊಡದೆ, ನನ್ನ ಮಾತನ್ನೇ ಹೊತ್ಕೊಂಡು ಬಂದು ಇಲ್ಲಿ ಮೆರೆದಿದಾರಾ? ಕಳ್ಳ! ಮನೇಲಿ ಕಲ್ಲು, ಇಲ್ಲಿ ನೋಡಿದ್ರೆ…”

“ನಿಮ್ಮದಾ?” ಡಾಕ್ಟರು ಮೆಲ್ಲಗೆ ದೋಣಿಯ ಅಂಚಿನ ಮೇಲೆ ಕೂತರು. ಅದು ಇನ್ನಷ್ಟು ವಾಲಿತು. “ಅದಕ್ಕೇ ಹಾಗಂತಿದ್ರಾ… ಬೈದು ಮುಗಿಸಿ, ನಾನು ತಿರುಗಿ ಏನೂ ಹೇಳೋಕೆ ತೋಚದೆ ನಿಂತಿರ್ತಿದ್ನಲ್ಲ, ಆಗ ಕೇಳ್ತಿದ್ರು, ‘ಹೆಂಗಿದೆ?’ ಅಂತ. ಮುಖ ಇಷ್ಟಗಲ ಆಗಿರ್ತಿತ್ತು. ‘ಮನೇಲಿ ಹೊಲಿದಿದ್ದು’ ಅಂತಿದ್ರು.”

ಬಿಳಿಯ ದೋಣಿಯೊಳಗೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿ ಹಗ್ಗಗಳು ಕಿರುಗುಟ್ಟಿದವು.

“ಮನೆಗೆ ಬರೋಣ ಅಂತಲೇ ಬಟ್ಟೆ ಹಾಕ್ಕೊಂಡು ಹೊರಟೆ,” ಎಂದರು ಡಾಕ್ಟರು ತಮ್ಮ ಅಂಗಿ ನೋಡಿಕೊಂಡು. “ಬಂದು ಏನಂತ ಹೇಳ್ಲಿ? ದಿನಾ ಜಗಳ ಆಡ್ತಿದ್ದೋನು ಅಂತಲಾ?”

“ಡಾಕ್ಟ್ರೇ, ಆಮೇಲೆ ಅಳೋಣ, ಮೊದಲು ಪಂಪ್ ಹಾಕಿ!” ಮೇಸ್ತ್ರಿ ಕಿರುಚಿದ. “ಇನ್ನು ನಾಲ್ಕು ಬೆರಳು ಇಳಿದ್ರೆ ಬ್ಯಾಟರಿಗೆ ನೀರು ಬರತ್ತೆ. ಆ ಬಾಗಿದ ಪೈಪು ಎಲ್ಲಿ?”

“ಕ್ಲಿನಿಕ್ಕಲ್ಲಿದೆ.”

“ಕ್ಲಿನಿಕ್ಕಲ್ಲಿ! ಯಾರ ಬಾಯಿಗೆ ಹಾಕೋಕೆ?”

“ಪಂಪ್ ಹಾಕಿದ್ರೆ ಅವರ ದೋಣಿ—”

“ಹಾಕಿ,” ಎಂದಳು ಅವಳು.

ಅವಳು ಹಲಗೆಯ ಅಂಚಿನಲ್ಲಿ ಕೂತು, ಒಂದು ಕಾಲು ಇಳಿಬಿಟ್ಟು, ಗಂಡನ ದೋಣಿಯೊಳಗೆ ಇಳಿದಳು. ಅದು ಅಡ್ಡಾದಿಡ್ಡಿ ತೂಗಿತು. ಅದಕ್ಕೂ ಒಂದು ಬೈಗುಳ ಬಿತ್ತು. ನಡುವಿನ ಹಲಗೆಯ ಮೇಲೆ, ಬಿಳಿಯ ದೋಣಿಗೆ ಮುಖ ಮಾಡಿ ಕೂತಳು.

ಡಾಕ್ಟರು ಸ್ವಿಚ್ಚು ಒತ್ತಿದರು. ಗುರ್ರೆಂಬ ಸದ್ದು ಎದ್ದಿತು. ನೀರಿನ ಮಟ್ಟಕ್ಕೆ ಇಳಿದಿದ್ದ ಪೈಪಿನ ಬಾಯಿ ಮೊದಲು ಎರಡು ದೋಣಿಗಳ ನಡುವಿನ ಸಂದಿನಲ್ಲಿ ಗುಳ್ಳೆಯೆಬ್ಬಿಸಿತು. ಆಮೇಲೆ ಸಣ್ಣಗೆ ಚಿಮ್ಮತೊಡಗಿತು.

“ಈಗ ಹೇಳಿ,” ಎಂದಳು. “ಇನ್ನೇನೇನು ಅಂದಿದಾರೆ?”

“ಎಲ್ಲಾನಾ?”

“ನೆನಪಿರೋದೆಲ್ಲ. ಅವರು ಹೇಗೆ ಅಂದ್ರೋ ಹಾಗೇ ಹೇಳಿ. ಮೆಲ್ಲಗೆ ಬೇಡ.”

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಮೊದಲ ಮಾತು ತಡವರಿಸಿತು. ಎರಡನೆಯದಕ್ಕೆ ಅವರ ಕೈ ತಾನೇ ಮೇಲೆದ್ದಿತು. ಮೂರನೆಯದಕ್ಕೆ ಅವರ ಎದೆ ಮುಂದೆ ಬಂದು, ದನಿ ನೀರಿನ ಮೇಲೆ ಆಚೆ ದಡದವರೆಗೆ ಹೋಯಿತು. ಆ ದನಿಯಲ್ಲಿ ಅವಳು ಎಂದೂ ಕೇಳದ ಒಬ್ಬ ಗಂಡಸು ಅವಳದೇ ಮಾತುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದ.

ಮೇಸ್ತ್ರಿಯ ಫೋನು ಬಡಿದುಕೊಂಡಿತು. “ಅಮ್ಮ, ನಿಮ್ಮ ಮಗ. ವ್ಯಾನು ಬಂದಿದೆಯಂತೆ.”

“ಬರ್ತಿದೀನಿ ಅನ್ನಿ.”

ಬಿಳಿಯ ದೋಣಿ ಮೆಲ್ಲಮೆಲ್ಲಗೆ ಮೇಲೇಳುತ್ತಿತ್ತು. ಅದರೊಂದಿಗೆ ಪೈಪಿನ ಬಾಯಿಯೂ ಏರಿತು. ಚಿಮ್ಮುವ ನೀರು ಪುಟ್ಟ ದೋಣಿಯ ಹೊರಮೈಯನ್ನು ಬಡಿಯಿತು, ಅಂಚಿಗೆ ಬಂತು, ಅಂಚು ದಾಟಿ ಒಳಗೆ ಬಿತ್ತು. “ಅಮ್ಮ, ಈಚೆ ಬನ್ನಿ, ನೆನೀತೀರ,” ಎಂದ ಮೇಸ್ತ್ರಿ. ನೀರು ಅವಳ ಪಾದಗಳ ಮೇಲೆಯೇ ಸುರಿಯುತ್ತಿತ್ತು. ಅವಳು ಕಾಲು ಸರಿಸಲಿಲ್ಲ. ತಲೆಯನ್ನು ಸ್ವಲ್ಪ ವಾರೆ ಮಾಡಿ ಕೂತಿದ್ದಳು.

ಡಾಕ್ಟರು ಉಸಿರು ತೆಗೆದುಕೊಳ್ಳಲು ನಿಂತರು.

“ಆಮೇಲೆ?” ಎಂದಳು.